ಸಮುದ್ರ ಕಂಡ ಶ್ಯಾವಿಗೆ ಮಣೆ

ನಾನು ಜೀವನದಲ್ಲಿ ಹಾಕಿಕೊಂಡಷ್ಟು ಯೋಜನೆಗಳನ್ನು ಸರ್ಕಾರವೂ ಹಾಕಿರಲಿಕ್ಕಿಲ್ಲ. ಫಲವೂ ಹೆಚ್ಚುಕಡಿಮೆ ಸರ್ಕಾರದ್ದರ ಹಾಗೆಯೇ. ಕೋಳಿ ಸಾಕುವುದು, ಕಂಪ್ಯೂಟರ್ ಕಲಿಸುವುದು, ಹಡಗಲಿಯ ಮಲ್ಲಿಗೆಯನ್ನು ನೇರವಾಗಿ ದೊಡ್ಡ ಪೇಟೆಗಳಿಗೆ ಕಳಿಸುವುದು, ಇವೆಲ್ಲ ಬಾಯಿಯಲ್ಲೇ ಹುಟ್ಟಿ ಬಾಯಿಯಲ್ಲೇ ತೀರಿಕೊಂಡವು. ಒಂದೇ ಒಂದು ಯೋಜನೆ ನಮ್ಮೂರು ಕೊಟ್ಟೂರಿನ ಗಡಿ ದಾಟಿತು. ಕರಾವಳಿಯ ಸಣ್ಣಪುಟ್ಟ ಊರುಗಳಿಗೆ ಹೋಗಿ, ಸಮುದ್ರದ ಅಲೆಯ ಮೇಲೆ ಹಲಗೆ ಹಾಕಿಕೊಂಡು ನಿಂತು ಬರುವ ಯೋಜನೆ ಅದು. ಈಜು ಬರದವನು ಇಂಥದನ್ನು ಯಾಕೆ ಯೋಚಿಸಿದ ಎಂದು ಕೇಳಬೇಡಿ. ಈಜು ಬಲ್ಲವನಿಗೆ ನೀರಿನ ಭಯವಾದರೂ ಇರುತ್ತದೆ, ನನಗೆ ಅದೂ ಇರಲಿಲ್ಲ.

ಎರಡು ಸಾವಿರನೇ ಇಸವಿಯ ಆಸುಪಾಸು. ಡಿಗ್ರಿ ಮುಗಿಸಿ, ಅಪ್ಪನ ಕಿರಾಣಿ ಅಂಗಡಿಗೆ ಅಂಟಿಕೊಂಡಂತೆ ಒಂದು ಎಸ್‌ಟಿಡಿ ಬೂತ್ ಇಟ್ಟುಕೊಂಡು ಕೂತಿದ್ದೆ. ಕೂರುವುದೇ ಅಲ್ಲಿ ಮುಖ್ಯ ಕೆಲಸ. ಎದುರಿಗೆ ನನ್ನ ಗೆಳೆಯನ ಗ್ಯಾರೇಜು. ಒಂದನೇ ಕ್ಲಾಸಿನಿಂದ ನನ್ನ ಪಕ್ಕದಲ್ಲೇ ಕೂತು ನನ್ನದನ್ನೇ ಕಾಪಿ ಮಾಡಿ ನನ್ನ ಜೊತೆಗೇ ಫೇಲಾದವನು ಅವನು. ಆಮೇಲೆ ಅವನು ಬುದ್ಧಿವಂತನಾಗಿ ಓದು ಬಿಟ್ಟ, ನಾನು ಮುಂದುವರಿಸಿದೆ. ಅವರ ಮನೆತನದಲ್ಲಿ ಅಜ್ಜನ ಕಾಲದಿಂದಲೂ ರಿಪೇರಿ ಕೆಲಸವೇ. ಸ್ಕೂಟರು, ಮೊಪೆಡ್ಡು, ಪಂಪ್‌ಸೆಟ್ಟು ಏನೇ ಕೊಟ್ಟರೂ ಬಿಚ್ಚಿ ಹರಡಿ, ಮತ್ತೆ ಜೋಡಿಸುವುದರೊಳಗೆ ಗಿರಾಕಿಗೆ ಎರಡು ಸಲ ಚಹಾ ಕುಡಿಸುತ್ತಿದ್ದ.

ಊರಿಗೆ ಕೇಬಲ್ ಬಂದ ಹೊಸತು. ಗ್ಯಾರೇಜಿನ ಮೂಲೆಯಲ್ಲೊಂದು ಹಳೆಯ ಟಿವಿ ಇತ್ತು. ಒಂದು ಮಧ್ಯಾಹ್ನ, ಕ್ರಿಕೆಟ್ ಇಲ್ಲದ ಹೊತ್ತಿನಲ್ಲಿ, ಆಟದ ಚಾನೆಲ್ಲಿನವರು ಬೇರೆ ಏನೂ ಸಿಗದೆ ಸರ್ಫಿಂಗ್ ತೋರಿಸಿದರು. ಮನೆಯೆತ್ತರದ ಅಲೆ, ಅದರ ಹೊಟ್ಟೆಯ ಕೆಳಗೆ ಹಲಗೆಯ ಮೇಲೆ ನಿಂತು ಜಾರುತ್ತ ಬರುವ ಹುಡುಗರು. ಗೆಳೆಯ ಸ್ಪ್ಯಾನರ್ ಕೆಳಗಿಟ್ಟ. ನಾನು ರಿಂಗಾಗುತ್ತಿದ್ದ ಬೂತಿನ ಫೋನನ್ನು ರಿಂಗಾಗಲು ಬಿಟ್ಟೆ. ಇಷ್ಟೇನಾ, ಇದನ್ನು ನಾವೂ ಮಾಡಬಹುದಲ್ಲ ಎಂದು ಮೊದಲು ಹೇಳಿದವನು ನಾನೇ. ಅವನು ಹೇಳಿದ ಎಂದು ಬಹಳ ವರ್ಷ ಎಲ್ಲರ ಮುಂದೆ ಹೇಳಿಕೊಂಡು ತಿರುಗಿದ್ದೇನೆ.

ನಮ್ಮ ಓಣಿಯಲ್ಲಿ ಸಮುದ್ರ ನೋಡಿದವರು ಇಬ್ಬರೇ ಇದ್ದರು, ಒಬ್ಬರು ಮಿಲಿಟರಿಯಿಂದ ಬಂದವರು, ಇನ್ನೊಬ್ಬ ಲಾರಿ ಡ್ರೈವರು. ಇಬ್ಬರ ವರ್ಣನೆಗೂ ತಾಳಮೇಳ ಇರಲಿಲ್ಲ. ಹಾಗಾಗಿ ಶಾಲೆಯ ಅಟ್ಲಾಸನ್ನೇ ನಂಬಿದೆವು. ಗ್ಯಾರೇಜಿನ ಗ್ರೀಸ್ ಹತ್ತಿದ ಬೆರಳು ಕಾರವಾರದಿಂದ ಉಳ್ಳಾಲದವರೆಗೆ ಎಷ್ಟು ಸಲ ಓಡಾಡಿತೆಂದರೆ, ಕೊನೆಗೆ ನಮ್ಮ ಭೂಪಟದಲ್ಲಿ ಕರಾವಳಿ ಇರಲೇ ಇಲ್ಲ, ಒಂದು ಕಪ್ಪು ಪಟ್ಟಿ ಇತ್ತು. ದೊಡ್ಡ ಊರು ಬೇಡ ಎಂಬುದು ನನ್ನ ತೀರ್ಮಾನ. ಗೋಕರ್ಣ, ಹೊನ್ನಾವರ, ಅವುಗಳ ಆಚೀಚೆಯ ಮೀನುಗಾರರ ಸಣ್ಣ ಊರುಗಳು ಸಾಕು ಎಂದೆ. ಶಾಂತಿ ಇರುತ್ತದೆ, ನಿಸರ್ಗ ಇರುತ್ತದೆ ಎಂದೆಲ್ಲ ಕಾರಣ ಕೊಟ್ಟೆ. ಬಿದ್ದಾಗ ನೋಡುವವರು ಕಡಿಮೆ ಇರಬೇಕು ಎಂಬುದು ನಿಜವಾದ ಕಾರಣ.

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹಲಗೆ ಇನ್ನೂ ಇಲ್ಲದಿರುವಾಗಲೇ ತಾಲೀಮು ಶುರುವಾಯಿತು. ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ ಕಡೆ ಗೆಳೆಯನ ಸಂಬಂಧಿಕರ ತೋಟದಲ್ಲಿ ಒಂದು ಬಾವಿ. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಅದರಲ್ಲಿ ಇಳಿಬಿಟ್ಟರು. ಬುರುಡೆ ಬಹಳ ಚೆನ್ನಾಗಿ ತೇಲಿತು, ಅದರ ಕೆಳಗೆ ನಾನು ಜೋತಾಡಿದೆ. ಇನ್ನು ಹಲಗೆಯ ಮೇಲೆ ನಿಲ್ಲುವ ಅಭ್ಯಾಸ. ಹೊಲದಲ್ಲಿ ಕುಂಟೆ ಹೊಡೆಯುವಾಗ ಅದು ಮಣ್ಣು ಕಚ್ಚಲಿ ಎಂದು ಮೇಲೆ ಕಲ್ಲು ಹೇರುತ್ತಾರೆ, ಇಲ್ಲವೇ ಹುಡುಗರನ್ನು ಕೂರಿಸುತ್ತಾರೆ. ಹರಪನಹಳ್ಳಿ ರಸ್ತೆಯಲ್ಲಿ ಪರಿಚಯದ ರೈತರೊಬ್ಬರ ಕುಂಟೆಯ ಮೇಲೆ, ಕಲ್ಲಿನ ಬದಲು, ನಾನು ಎರಡು ಕೈ ಚಾಚಿಕೊಂಡು ನಿಂತೆ, ನನ್ನ ಪಕ್ಕದಲ್ಲಿ ಗೆಳೆಯ. ಆ ರೈತರಿಗೆ ನಮ್ಮ ಆಟ ಏನೆಂದು ಕೊನೆಗೂ ಅರ್ಥವಾಗಲಿಲ್ಲ. ಆದರೆ ಇಬ್ಬರು ಗಂಡಾಳು ತಾವಾಗಿ ಬಂದು ಭಾರವಾಗಿ ನಿಲ್ಲುತ್ತಾರೆಂದರೆ ಯಾರು ಬೇಡ ಎನ್ನುತ್ತಾರೆ, ಪಕ್ಕದ ಹೊಲಕ್ಕೂ ಕರೆದುಕೊಂಡು ಹೋದರು.

ಹಲಗೆಯದೇ ತಾಪತ್ರಯ. ಗ್ಯಾರೇಜಿನ ಬಾಗಿಲು ತೆಗೆಯೋಣ ಎಂದ ಗೆಳೆಯ. ಅದು ತಗಡಿನದು. ಮಂಚದ ಹಲಗೆ ಅಗಲವಾಯಿತು, ಬಡಗಿ ತೋರಿಸಿದ ಕಮರ ಮರದ ತೊಲೆ ಎತ್ತಲಿಕ್ಕೇ ನಾಲ್ಕು ಜನ ಬೇಕಿತ್ತು. ಹೀಗಿರುವಾಗ ಒಂದು ದಿನ ಅವನು ನಮ್ಮ ಮನೆಗೆ ಉಣ್ಣಲು ಬಂದವನು, ಅಡುಗೆಮನೆಯ ಬಾಗಿಲ ಹಿಂದೆ ನೋಡುತ್ತ ತುತ್ತು ಕೈಯಲ್ಲೇ ಹಿಡಿದು ಕೂತುಬಿಟ್ಟ.

"ಲೇ," ಎಂದ ಮೆಲ್ಲಗೆ, "ಟಿವಿಯಾಗಿಂದು ನಿಮ್ಮ ಮನ್ಯಾಗ ಐತಿ."

ಅಲ್ಲಿದ್ದದ್ದು ಅವ್ವನ ಶ್ಯಾವಿಗೆ ಮಣೆ. ಆಳೆತ್ತರದ ತೇಗದ ಹಲಗೆ, ಎರಡು ತುದಿಯೂ ದುಂಡಗೆ, ನಡುವೆ ಸಣ್ಣ ಸಣ್ಣ ಗೆರೆಗಳು. ನೋಡದವರಿಗಾಗಿ ಹೇಳುತ್ತೇನೆ. ಬೇಸಿಗೆಯಲ್ಲಿ ಈ ಮಣೆಯ ಒಂದು ತುದಿಯನ್ನು ಎತ್ತರಕ್ಕಿಟ್ಟು, ಇನ್ನೊಂದನ್ನು ಇಳಿಜಾರು ಮಾಡಿ, ಎತ್ತರದ ತುದಿಯಲ್ಲಿ ಹೆಂಗಸು ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರುತ್ತಾಳೆ. ನಾದಿದ ಕಣಕವನ್ನು ಗೆರೆಗಳ ಮೇಲೆ ಅಂಗೈಯಿಂದ ಉಜ್ಜಿದರೆ ಎಳೆಗಳು ಹೊರಟು ಕೆಳಗೆ ಜಾರುತ್ತವೆ. ಇನ್ನೊಬ್ಬರು ಅವನ್ನು ಹಿಡಿದು ಕೋಲಿನ ಮೇಲೆ ಒಣಹಾಕುತ್ತಾರೆ. ನಮ್ಮ ಓಣಿಯಲ್ಲಿ ಅವ್ವನಷ್ಟು ಸಣ್ಣ ಎಳೆ ತೆಗೆಯುವವರು ಇರಲಿಲ್ಲ. ಹಿಟ್ಟಿನ ಗಿರಣಿಗೆ ಶ್ಯಾವಿಗೆ ಮಿಷಿನ್ ಬಂದ ಮೇಲೆ ಓಣಿಯವರು ಒಬ್ಬೊಬ್ಬರಾಗಿ ಬರುವುದನ್ನು ಬಿಟ್ಟರು. ಅವ್ವ ಮಾತ್ರ ಪ್ರತಿ ಬೇಸಿಗೆ ಒಬ್ಬಳೇ ಕೂತು ಹೊಸೆಯುತ್ತಿದ್ದಳು, ಎಳೆ ಹಿಡಿಯುವ ಕೆಲಸ ನಿರುದ್ಯೋಗಿಯಾದ ನನ್ನದು.

ಅವ್ವನನ್ನು ಕೇಳುವ ಧೈರ್ಯ ನನಗಿರಲಿಲ್ಲ, ಗೆಳೆಯನನ್ನು ಮುಂದೆ ಬಿಟ್ಟೆ. ಅವನ ಮೇಲೆ ಅವಳಿಗೆ ನನಗಿಂತ ಹೆಚ್ಚು ನಂಬಿಕೆ, ಅವನು ದುಡಿಯುತ್ತಿದ್ದನಲ್ಲ. ಅವನು ಎಲ್ಲವನ್ನೂ ಕೈಸನ್ನೆ ಮಾಡಿ ವಿವರಿಸಿದ. ಅವ್ವ ಕೇಳಿ ಮುಗಿಸಿ ಮಣೆಯ ಹತ್ತಿರ ಹೋಗಿ ಅದರ ಮೇಲೆ ಕೈ ಇಟ್ಟಳು.

"ನಮ್ಮವ್ವ ಗುಡೇಕೋಟಿಯಿಂದ ಬಂಡಿ ಮ್ಯಾಲ ಹಾಕಿ ಕಳಿಸಿದ್ದು ಇದು. ಅವ್ವ ಹೋದ್ಲು, ಅಪ್ಪ ಹೋದ, ಅಣ್ಣಗಳು ಮನಿ ಮಾರಿ ಎತ್ತಾಗರೆ ಹೋದ್ರು. ನನ್ನ ತವರುಮನಿ ಅಂತ ಉಳದಿರಾದು ಇದೊಂದ. ಇದು ಹೋತು ಅಂದ್ರ ನನಗ ತವರಿಲ್ಲ."

ಬೇಡ ಬಿಡು ಎಂದು ಹೇಳಲು ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅವಳೇ ಮುಂದಿನದನ್ನು ಹೇಳಿಬಿಟ್ಟಳು. ಈ ವರ್ಷದ ಶ್ಯಾವಿಗೆ ಮುಗಿಯಲಿ, ಆಮೇಲೆ ಒಯ್ಯಿರಿ, ಆದರೆ ಮಣೆ ಎಲ್ಲಿಗೆ ಹೋಗುತ್ತದೋ ತಾನೂ ಅಲ್ಲಿಗೇ ಬರುವವಳು, ಅದನ್ನು ಮರಳಿ ಮನೆ ಮುಟ್ಟಿಸುವ ಜವಾಬ್ದಾರಿ ತನ್ನದು. ಹೀಗೆ, ಲೋಕದಲ್ಲಿ ಬಹುಶಃ ಮೊದಲ ಬಾರಿಗೆ, ಇಬ್ಬರು ಗಂಡಸರ ಸರ್ಫಿಂಗ್ ಪ್ರವಾಸಕ್ಕೆ ಅವ್ವನೊಬ್ಬಳು ಕಾವಲುಗಾರ್ತಿಯಾಗಿ ಸೇರಿಕೊಂಡಳು.

ಅಪ್ಪನಿಗೆ ಹೇಳುವುದು ಉಳಿದಿತ್ತು. ಅವನು ಜೀವನದಲ್ಲಿ ಅಂಗಡಿ ಮುಚ್ಚಿದ್ದು ಹತ್ತಿರದವರ ಮಣ್ಣಿಗೆ ಹೋಗುವಾಗ ಮಾತ್ರ. ಬಾ ಎಂದು ಅವ್ವ ಒಂದು ಸಲ ಕರೆದಳು, ಅವನು ತಕ್ಕಡಿಯ ಕಡೆ ನೋಡಿದ, ಅವಳು ಮತ್ತೆ ಕರೆಯಲಿಲ್ಲ. ನಾವು ಹೊರಡುವುದು ಮೇ ತಿಂಗಳ ಕೊನೆಗೆ ಎಂದಾಗ ಅವನು ಬೆಲ್ಲ ತೂಗುವುದನ್ನು ನಿಲ್ಲಿಸಿ ಒಂದೇ ಪ್ರಶ್ನೆ ಕೇಳಿದ.

"ಬ್ಯಾಸಗ್ಯಾಗ ಹೊಂಟೀರಲ್ಲ, ಅಲ್ಲಿ ನೀರು ಇರ್ತಾವೇನು?"

ನಗಬೇಡಿ. ನಮ್ಮ ಕಡೆ ಕೆರೆ ನೋಡಲು ಹೋಗುವವನು ಮೊದಲು ಕೇಳುವ ಪ್ರಶ್ನೆಯೇ ಅದು. ಹಗರಿಬೊಮ್ಮನಹಳ್ಳಿಗೆ ಹೋಗುವ ದಾರಿಯಲ್ಲಿ ಮೇ ತಿಂಗಳಲ್ಲಿ ಹಳ್ಳವೆಂದರೆ ಮರಳು, ಕೆರೆಯೆಂದರೆ ದನ ಮೇಯುವ ಬಯಲು. ಇರುತ್ತದೆ ಅಪ್ಪ ಎಂದು ನಾನು ದೊಡ್ಡ ತಿಳಿದವನ ಹಾಗೆ ಹೇಳಿದೆ. ಆದರೆ ಒಳಗೊಳಗೆ ಒಂದು ಚೂರು ಅನುಮಾನ ನನ್ನನ್ನೂ ಹಿಡಿದುಕೊಂಡಿತು.

ಮಣೆಯನ್ನು ಕೌದಿಯಲ್ಲಿ ಸುತ್ತಿ, ಹಗ್ಗ ಬಿಗಿದು, ಹರಪನಹಳ್ಳಿಯಲ್ಲಿ ಬಸ್ ಬದಲಿಸಿ, ಹರಿಹರದಲ್ಲಿ ಇನ್ನೊಂದು ಹತ್ತಿ, ಹಾವೇರಿ ಶಿರಸಿ ದಾಟಿ ಹೋದೆವು. ದಾರಿಯುದ್ದಕ್ಕೂ ಅದು ಅವ್ವನ ತೊಡೆಯಿಂದ ಗೆಳೆಯನ ತೊಡೆಗೆ ಅಡ್ಡಲಾಗಿ ಮಲಗಿತ್ತು. ಏನಮ್ಮಾ ಇದು ಎಂದು ಕೇಳಿದವರಿಗೆಲ್ಲ ಅವ್ವ ಶ್ಯಾವಿಗೆ ಮಣೆ ಎಂದು ನೆಟ್ಟಗೆ ಹೇಳುತ್ತಿದ್ದಳು. ಮಗಳ ಮನೆಗೆ ಒಯ್ಯುತ್ತೀರಾ ಎಂದು ಅವರು ಕೇಳುತ್ತಿದ್ದರು. ಹೌದು ಎನ್ನು ಎಂದು ನಾನು ಕಣ್ಣಲ್ಲೇ ಬೇಡಿಕೊಳ್ಳುತ್ತಿದ್ದೆ. "ಇಲ್ರಿ, ಸಮುದ್ರದಾಗ ಬಿಡಾಕ," ಎನ್ನುತ್ತಿದ್ದಳು. ಅದಾದ ಮೇಲೆ ಆ ಸೀಟಿನವರು ನಮ್ಮ ಜೊತೆ ಮಾತು ಬೆಳೆಸುತ್ತಿರಲಿಲ್ಲ.

ಗೋಕರ್ಣದಲ್ಲಿ ಅವ್ವ ದೇವರ ದರ್ಶನ ಮಾಡಿದಳು, ನಾವು ಕಡಲ ತೀರದ ದರ್ಶನ ಮಾಡಿದೆವು. ನೀರು ಇತ್ತು. ಅಷ್ಟು ಇರುತ್ತದೆಂದು ಯಾರೂ ಹೇಳಿರಲಿಲ್ಲ. ಆಚೆಯ ದಂಡೆ ಕಾಣದ ನೀರನ್ನು ನೋಡಿ ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಅಷ್ಟರಲ್ಲಿ ಬಿಳಿಯನೊಬ್ಬ ನಿಜವಾದ ಸರ್ಫಿಂಗ್ ಹಲಗೆಯನ್ನು ದಿನಪತ್ರಿಕೆಯ ಹಾಗೆ ಕಂಕುಳಲ್ಲಿ ಹಿಡಿದು ನಮ್ಮೆದುರೇ ಹಾದುಹೋದ. ನಾವಿಬ್ಬರು ನಮ್ಮದನ್ನು ಹಿಂದೊಬ್ಬ ಮುಂದೊಬ್ಬ ಹೆಗಲು ಕೊಟ್ಟು ಹೊತ್ತಿದ್ದೆವು. ಎದುರಾದ ಒಬ್ಬರು ದಾರಿ ಬಿಟ್ಟು ಕೈ ಮುಗಿದರು. ಇಲ್ಲಿಯ ಅಲೆ ಸರಿಯಿಲ್ಲ ಎಂದು ನಾನು ಅಲೆಗಳ ತಜ್ಞನಂತೆ ಘೋಷಿಸಿ, ಮಣೆಯನ್ನು ಬಿಚ್ಚದೆಯೇ ಅಲ್ಲಿಂದ ಹೊರಡಿಸಿದೆ.

ಹೊನ್ನಾವರ ದಾಟಿ ಒಂದು ಸಣ್ಣ ಊರು. ಹೆಸರು ಮರೆತಿಲ್ಲ, ಆದರೆ ಹೇಳುವುದಿಲ್ಲ, ಅಲ್ಲಿಯವರು ಇನ್ನೂ ನಗುತ್ತಿರಬಹುದು. ಮೀನು ಮಾರುವ ಒಬ್ಬ ಹೆಂಗಸು ತನ್ನ ಮನೆಯ ಹೊರಕೋಣೆಯನ್ನು ನಮಗೆ ಬಿಟ್ಟುಕೊಟ್ಟಳು. ಕೌದಿ ಬಿಚ್ಚಿದ ಕೂಡಲೇ "ಇದೆಂತ ಮಾರಾಯ್ರೇ?" ಎಂದಳು. ಅವ್ವ ಕೂತು ತೋರಿಸಿದಳು. ಅವರಲ್ಲಿ ಅಕ್ಕಿಹಿಟ್ಟಿನ ಮುದ್ದೆ ಬೇಯಿಸಿ ತೂತಿನ ಒರಳಲ್ಲಿ ಶ್ಯಾವಿಗೆ ಒತ್ತುತ್ತಾರಂತೆ. ಒತ್ತಿದ್ದನ್ನು ಶ್ಯಾವಿಗೆ ಎನ್ನುತ್ತಾರೆಯೇ ಎಂದು ಅವ್ವ ಆಶ್ಚರ್ಯಪಟ್ಟಳು. ಹೊಸೆದದ್ದು ಎಷ್ಟು ಹೊತ್ತಿಗೆ ಹೊಟ್ಟೆಗೆ ಬಂದೀತು ಎಂದು ಆಕೆ ಕೇಳಿದಳು. ಇಬ್ಬರಿಗೂ ಒಳ್ಳೆಯ ಸ್ನೇಹವಾಯಿತು. ಮಳೆಗಾಲ ಹತ್ತಿರ ಬಂತು, ದೂರ ಹೋಗಬೇಡಿ, ಸೊಂಟಕ್ಕಿಂತ ಮೇಲೆ ನೀರಿಗೆ ಇಳಿಯಬೇಡಿ ಎಂದು ಆಕೆ ನಮಗೆ ತಾಕೀತು ಮಾಡಿದಳು.

ಮರುದಿನ ಬೆಳಿಗ್ಗೆ ನನ್ನ ಪಟ್ಟಾಭಿಷೇಕ. ಅವ್ವ ಮರಳಲ್ಲಿ ಕೂತು ಮಣೆಯ ಮೇಲೆಯೇ ಕಣ್ಣಿಟ್ಟಿದ್ದಳು. ನಾನು ಹಲಗೆಯನ್ನು ಮೊಣಕಾಲು ಮಟ್ಟದ ನೀರಿಗೆ ಹಾಕಿ, ಟಿವಿಯಲ್ಲಿ ನೋಡಿದ ಹಾಗೆ ಅದರ ಮೇಲೆ ಬೋರಲು ಬಿದ್ದೆ. ಹಲಗೆ ನನ್ನನ್ನು ಹೊತ್ತುಕೊಂಡೇ ನೆಲ ಕಂಡಿತು. ಎದ್ದು ನಿಲ್ಲುವ ಹೊತ್ತಿಗೆ ಅಲೆ ಬಂದು ಹಲಗೆಯನ್ನು ಒಂದು ಕಡೆ, ನನ್ನನ್ನು ಒಂದು ಕಡೆ, ನನ್ನ ಲುಂಗಿಯನ್ನು ಮತ್ತೊಂದು ಕಡೆ ಇಟ್ಟಿತು. ಗೆಳೆಯನೂ ಪ್ರಯತ್ನಿಸಿದ, ಮಣೆಯ ತುದಿ ಅವನ ಗದ್ದಕ್ಕೆ ಬಡಿಯಿತು. ಕುಣಿಯಲಾರದವಳು ನೆಲ ಡೊಂಕು ಎಂದಂತೆ ನಾನು ಅಲೆ ಡೊಂಕು ಎಂದೆ. ಬಲೆ ಹೊಲಿಯುತ್ತ ಕೂತಿದ್ದವರು ಬಲೆ ಬಿಟ್ಟು ನಮ್ಮನ್ನೇ ನೋಡುತ್ತಿದ್ದರು. ಸಣ್ಣ ಊರಲ್ಲಿ ನೋಡುವವರು ಕಡಿಮೆ ಇರುತ್ತಾರೆ ಎಂದುಕೊಂಡಿದ್ದೆ. ಕಡಿಮೆ ಇರುತ್ತಾರೆ, ಆದರೆ ಬೇರೆ ಕೆಲಸ ಇರುವುದಿಲ್ಲ.

ಮತ್ತೊಮ್ಮೆ ನಿಲ್ಲಲು ಹೋದಾಗ ಆಗಬಾರದ್ದು ಆಯಿತು. ನಾನು ಬಿದ್ದೆ, ಅಲೆ ಹಿಂದಕ್ಕೆ ಸರಿಯುವಾಗ ಮಣೆಯನ್ನೂ ಎಳೆದುಕೊಂಡು ಹೋಯಿತು. ಕಣ್ಣಲ್ಲಿ ಉಪ್ಪುನೀರು ತುಂಬಿ ನನಗೆ ಏನೂ ಕಾಣಲಿಲ್ಲ. ಉಜ್ಜಿ ನೋಡಿದರೆ ಅದು ಕೈಗೆಟುಕದಷ್ಟು ಆಚೆ, ಕಪ್ಪಗೆ ಏಳುತ್ತ ಮುಳುಗುತ್ತ ಹೋಗುತ್ತಿತ್ತು. ಗುಡೇಕೋಟೆಯಿಂದ ಬಂಡಿಯಲ್ಲಿ ಬಂದದ್ದು ನನ್ನ ಹುಚ್ಚಿನಿಂದ ಅರಬ್ಬೀ ಸಮುದ್ರದ ಪಾಲಾಯಿತು ಎಂದು ನನ್ನ ಎದೆ ಒಡೆದುಹೋಯಿತು. ಅದರ ಹಿಂದೆ ಹೋಗಲು ಈಜು ಬರಬೇಕಲ್ಲ. ನಿಂತಲ್ಲೇ ನಿಂತೆ.

ನನ್ನ ಪಕ್ಕದಿಂದ ಯಾರೋ ಹಾದುಹೋದರು. ಅವ್ವ. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಲದ ಬದುವಿನ ಮೇಲೆ ನಡೆಯುವ ಹಾಗೆ ನೇರವಾಗಿ ನಡೆಯುತ್ತಿದ್ದಳು. ಕೂಗಲಿಲ್ಲ, ಬೈಯಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ನೀರು ಮಂಡಿಗೆ ಬಂತು, ಸೊಂಟಕ್ಕೆ ಬಂತು. ಗೆಳೆಯ ಅವಳ ಹಿಂದೆ ಓಡಿದ, ನಾನೂ ಓಡಿದೆ. ದಂಡೆಯಿಂದ ಮೀನುಗಾರರು ಎದ್ದು ಬರುತ್ತಿದ್ದರು. ಅಷ್ಟರಲ್ಲಿ ಸಮುದ್ರ ತಾನು ಒಯ್ದದ್ದನ್ನು ತಾನೇ ತಿರುಗಿಸಿ ತಂದಿತು. ದೊಡ್ಡದೇನಲ್ಲದ ಒಂದು ಅಲೆ ಮಣೆಯನ್ನು ಅವಳ ಎದೆಯ ಹತ್ತಿರಕ್ಕೆ ತಂದುಬಿಟ್ಟಿತು. ಅವ್ವ ಎರಡೂ ಕೈಯಿಂದ ಅದನ್ನು ಹಿಡಿದಳು. ಹಿಡಿದವಳು, ಮತ್ತೆ ಹೋಗಬಾರದೆಂದು, ಇಷ್ಟು ವರ್ಷ ಅದರ ಮೇಲೆ ಹೇಗೆ ಕೂತಿದ್ದಳೋ ಹಾಗೆಯೇ, ಆಚೆಗೊಂದು ಕಾಲು ಈಚೆಗೊಂದು ಕಾಲು ಹಾಕಿ ಕೂತುಬಿಟ್ಟಳು.

ಹಿಂದಿನಿಂದ ಇನ್ನೊಂದು ಅಲೆ ಬಂತು. ಅದು ಅವ್ವನನ್ನೂ ಮಣೆಯನ್ನೂ ಒಟ್ಟಿಗೆ ಎತ್ತಿಕೊಂಡಿತು. ಅವಳು ಮುಂದಕ್ಕೆ ಬಾಗಿ, ಎರಡು ಅಂಗೈಗಳನ್ನು ಗೆರೆಗಳ ಮೇಲೆ ಒತ್ತಿ ಹಿಡಿದಿದ್ದಳು. ಬಾಯಿ ಬಿಟ್ಟು ನಿಂತ ನನ್ನನ್ನು, ಗೆಳೆಯನನ್ನು, ಓಡಿ ಬರುತ್ತಿದ್ದ ಮೀನುಗಾರರನ್ನು ದಾಟಿ, ನೊರೆಯ ನಡುವೆ ಸರ್ರನೆ ಜಾರಿ ಹೋಗಿ ಮರಳು ಮುಟ್ಟಿದಳು. ನಾನು ಓಡಿ ಹೋಗಿ ಅವಳ ಭುಜ ಹಿಡಿದೆ. ಅವಳ ಮೈ ನಡುಗುತ್ತಿತ್ತು. ಅಳುತ್ತಿದ್ದಾಳೆ ಎಂದುಕೊಂಡೆ. ಮುಖ ಎತ್ತಿದಾಗ ನೋಡಿದರೆ, ಹಲ್ಲೆಲ್ಲ ಕಾಣುವ ಹಾಗೆ ನಗುತ್ತಿದ್ದಳು. ನಮ್ಮ ಮನೆಯಲ್ಲಿ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

"ಇನ್ನೊಮ್ಮಿ," ಎಂದಳು.

ನನ್ನ ಸರ್ಫಿಂಗ್ ಪ್ರವಾಸ ಅಲ್ಲಿಗೆ ಮುಗಿಯಿತು, ಅವ್ವನದು ಶುರುವಾಯಿತು. ಆ ದಿನವೂ ಮರುದಿನವೂ ನಾವಿಬ್ಬರು ಮಣೆಯ ಆಚೀಚೆ ನಿಂತು ಹಿಡಿಯುವುದು, ಅವಳು ಕೂರುವುದು, ಮೀನು ಮಾರುವ ಆ ಹೆಂಗಸು ದಂಡೆಯಿಂದ "ಈಗ ಬಿಡಿ" ಎಂದು ಹೇಳಿದಾಗ ತಳ್ಳುವುದು. ಕುಂಟೆಯ ಮೇಲೆ ಭಾರವಾಗಿ ನಿಂತವರಿಗೆ ಹಲಗೆ ತಳ್ಳುವ ಆಳಿನ ಕೆಲಸ ಕಷ್ಟವಾಗಲಿಲ್ಲ. ಬಿದ್ದರೆ ಎದ್ದು ಕೂದಲು ಹಿಂಡಿಕೊಂಡು ಮತ್ತೆ ಬರುತ್ತಿದ್ದಳು. ಒಂದು ಸಲ, ಅಲೆಗಾಗಿ ಕಾಯುತ್ತ ಕೂತವಳು, ನನ್ನವ್ವ ನೋಡಬೇಕಿತ್ತು ಇದನ್ನು ಎಂದಳು. ನಾನು ಹಲಗೆಯನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹೊರಡುವ ದಿನ ಮಣೆಯನ್ನು ಒರೆಸುವಾಗ ತುದಿಯಲ್ಲಿ ಬೆರಳುದ್ದದ ಸೀಳು ಕಾಣಿಸಿತು. ತೋರಿಸಲೋ ಬೇಡವೋ ಎಂದು ಒದ್ದಾಡುತ್ತಿರುವಾಗ ಅವ್ವ ತಾನೇ ನೋಡಿ ಅದರ ಮೇಲೆ ಬೆರಳಾಡಿಸಿದಳು. ಊರಿಗೆ ಹೋದ ಮೇಲೆ ಒಂದು ಪಟ್ಟಿ ಹೊಡೆದುಕೊಡು ತಮ್ಮಾ ಎಂದು ಗೆಳೆಯನಿಗೆ ಹೇಳಿ, ಕೌದಿ ಸುತ್ತಿದಳು. ಬಸ್ಸಿನಲ್ಲಿ ನಾನು ಮೆಲ್ಲಗೆ, ತವರುಮನೆ ಸೀಳಿಬಿಟ್ಟಿತಲ್ಲವ್ವ ಎಂದೆ. ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು. "ಬಾಗಲಾ ತೆಗದೈತಿ ಬಿಡು."

ಗೆಳೆಯ ಗ್ಯಾರೇಜಿನಲ್ಲಿ ಕೂತು, ಸ್ಕೂಟರಿನ ಗಿರಾಕಿಯನ್ನು ಕಾಯಿಸಿ, ಹಿತ್ತಾಳೆಯ ಪಟ್ಟಿಯೊಂದನ್ನು ಕೂದಲಷ್ಟೂ ಏಳದ ಹಾಗೆ ಕೂರಿಸಿಕೊಟ್ಟ. ಮೊದಲ ಮಳೆಗೆ ಮುಂಚೆ ಇನ್ನೂ ಬಿಸಿಲಿತ್ತು. ಅವ್ವ ಮಣೆಯನ್ನು ಬಾವಿಯ ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದು, ಮತ್ತೆ ಒಂದಿಷ್ಟು ಶ್ಯಾವಿಗೆ ಹೊಸೆದಳು. ಪಟ್ಟಿಯ ಹತ್ತಿರವೂ ಎಳೆ ಕಡಿಯಲಿಲ್ಲ. ರಾತ್ರಿ ಅದನ್ನು ಬಸಿದು, ಹಾಲು ಬೆಲ್ಲ ಹಾಕಿ ಅಪ್ಪನ ಮುಂದೆ ಇಟ್ಟಳು. ಬಂದಾಗಿನಿಂದ ಅವನು ಏನೂ ಕೇಳಿರಲಿಲ್ಲ, ಅವಳೂ ಹೇಳಿರಲಿಲ್ಲ. ಓಣಿಯವರಿಗೆಲ್ಲ ಕಥೆ ಹೇಳಿದ್ದವನು ನಾನೇ, ಅದರಲ್ಲೂ ನಾನು ನಿಂತ ಭಾಗವನ್ನು ಸ್ವಲ್ಪ ಉದ್ದ ಮಾಡಿದ್ದೆ. ಅಪ್ಪ ಒಂದು ತುತ್ತು ಬಾಯಿಗಿಟ್ಟು ತಡೆದ.

"ಉಪ್ಪು ಆಗೇತಿ."

ಎಷ್ಟು ತೊಳೆದರೂ ಗೆರೆಗಳ ಸಂದಿಯಲ್ಲಿ ಸಮುದ್ರದ ಉಪ್ಪು ಉಳಿದುಬಿಟ್ಟಿತ್ತು. ಅವ್ವ ಇನ್ನೊಂದು ಸೌಟು ಬಡಿಸಿದಳು.

"ಉಣ್ರಿ. ನೀವು ಅಲ್ಲಿಗೆ ಬರ್ಲಿಲ್ಲ, ಅದಕ್ಕ ಅದನ್ನ ಇಲ್ಲಿಗೆ ತಂದೀನಿ."

ಅಪ್ಪ ತಲೆ ಎತ್ತಿ ಅವಳನ್ನು ನೋಡಿದ. ಮತ್ತೆ ತಲೆ ಬಗ್ಗಿಸಿ, ಬಡಿಸಿದ್ದಷ್ಟನ್ನೂ ಉಂಡ. ಕೈ ತೊಳೆಯಲು ಏಳುವ ಮುಂಚೆ, ಅವಳ ಕಡೆ ನೋಡದೆ ಕೇಳಿದ.

"ಬ್ಯಾಸಗ್ಯಾಗೂ ನೀರು ಇದ್ವೇನು?"

"ಇದ್ವು," ಎಂದಳು ಅವ್ವ. "ಮುಂದಿನ ಬ್ಯಾಸಗಿಗೂ ಇರ್ತಾವಂತ. ಕೇಳ್ಕಂಡು ಬಂದೀನಿ."

ಅಪ್ಪ ಕೈ ತೊಳೆದು ಬಂದ. ಆಮೇಲೆ, ಯಾವತ್ತೂ ನನ್ನ ಸಲಹೆ ಕೇಳದವನು ನನ್ನ ಕಡೆ ತಿರುಗಿ, ಹೋಗಿ ಬರಲು ಅಂಗಡಿ ಎಷ್ಟು ದಿನ ಮುಚ್ಚಬೇಕಾಗುತ್ತದೆ ಎಂದು ಕೇಳಿದ.